ಸುತ್ತು ಎಸ್ಕಲೇಟರ್

ಪವೆಲ್ ಸ್ಟೇಷನ್‌ನಲ್ಲಿ ಬಾರ್ಟ್ ರೈಲು ಇಳಿದು, ಗೇಟ್ ದಾಟಿದರೆ ಎದುರಿಗೇ ಮಾಲ್‌ನ ಬಾಗಿಲು ಇತ್ತು. ಮೇಲೆ ರಸ್ತೆಗೆ ಹತ್ತುವುದೇ ಬೇಕಿರಲಿಲ್ಲ. ವರ್ಷಗಟ್ಟಲೆ ನಾನು ಹೀಗೇ ಆ ಮಾಲ್ ಒಳಗೆ ನುಗ್ಗಿದ್ದೇನೆ. ಹೆಚ್ಚಿನ ಸಲ ಏನನ್ನೋ ಕೊಳ್ಳಲು ಅಲ್ಲ. ಹೊರಗೆ ಮಳೆ, ಮೀಟಿಂಗಿಗೆ ಇನ್ನೂ ಇಪ್ಪತ್ತು ನಿಮಿಷ, ಇಲ್ಲವೇ ಬಾತ್‌ರೂಮ್ ಬೇಕು. ಇಂಥವೇ ಕಾರಣಗಳು.

ನಾನು ಹೇಳುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ಮೇಲಿನ ಸ್ಯಾನ್ ಫ್ರಾನ್ಸಿಸ್ಕೋ ಸೆಂಟರ್ ಬಗ್ಗೆ. ನಾವೆಲ್ಲ ಕರೆಯುತ್ತಿದ್ದದ್ದು 'ವೆಸ್ಟ್‌ಫೀಲ್ಡ್' ಅಂತ, ಅದರ ಮಾಲೀಕ ಕಂಪನಿಯ ಹೆಸರಿನಿಂದ. 2025ರ ಫೆಬ್ರವರಿಯಲ್ಲಿ ಬಹಳ ದಿನದ ಮೇಲೆ ಅಲ್ಲಿಗೆ ಹೋದೆ. ಅಲ್ಲಿನ ದೊಡ್ಡ ಅಂಗಡಿ ಬ್ಲೂಮಿಂಗ್‌ಡೇಲ್ಸ್ ಮುಚ್ಚುತ್ತದೆ, ಎಲ್ಲ ಸೇಲ್‌ಗೆ ಇಟ್ಟಿದ್ದಾರೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಒಂದು ಒಳ್ಳೆ ಕೋಟು ಸಿಕ್ಕರೆ ಸಿಗಲಿ ಅನ್ನುವ ಆಸೆ.

ಕೋಟು ಸಿಗಲಿಲ್ಲ. ನನ್ನ ಅಳತೆಯವು ಯಾವಾಗಲೂ ಮೊದಲೇ ಖಾಲಿ. ಸಾಮಾನು ಉಳಿದದ್ದು ಕಡಿಮೆ, ಬೆಲೆಚೀಟಿ ಜಾಸ್ತಿ. ಬಟ್ಟೆ ತೂಗುಹಾಕುವ ಸ್ಟ್ಯಾಂಡಿಗೂ ಚೀಟಿ, ಕನ್ನಡಿಗೂ ಚೀಟಿ. ಒಂದು ಮೂಲೆಯಲ್ಲಿ ಆರೇಳು ಬೊಂಬೆಗಳನ್ನು ಬಟ್ಟೆಯಿಲ್ಲದೆ ಒತ್ತೊತ್ತಾಗಿ ನಿಲ್ಲಿಸಿದ್ದರು, ಒಂದರ ಕೈ ಇನ್ನೊಂದರ ಹೆಗಲ ಮೇಲೆ. ಲಿಫ್ಟ್‌ಗೆ ಕ್ಯೂ ನಿಂತವರ ಹಾಗಿದ್ದವು. ಅವಕ್ಕೂ ಚೀಟಿ.

ಮಾಲ್‌ನ ಈ ಭಾಗ ತೆರೆದದ್ದು 2006ರಲ್ಲಿ. ಜಾಗ ಮಾತ್ರ ತುಂಬಾ ಹಳೆಯದು. 1896ರಿಂದ ಇಲ್ಲಿ ಎಂಪೋರಿಯಂ ಅನ್ನುವ ದೊಡ್ಡ ಅಂಗಡಿ ಇತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಅದರ ಮುಂಗೋಡೆ ಉಳಿಯಿತು, ಹಿಂದಿನದನ್ನೆಲ್ಲ ಮತ್ತೆ ಕಟ್ಟಿ ಮೇಲೊಂದು ಗಾಜಿನ ಗುಮ್ಮಟ ಇಟ್ಟರು. ನೂರು ವರ್ಷದ ನಂತರ ಮಾಲ್ ಕಟ್ಟುವಾಗ ಆ ಗುಮ್ಮಟವನ್ನು ಒಡೆಯಲಿಲ್ಲ. ಇನ್ನೂರು ಟನ್‌ಗೂ ಜಾಸ್ತಿ ತೂಕದ್ದನ್ನು ಜಾಕ್ ಕೊಟ್ಟು ಮೇಲೆತ್ತಿ, ಅದರ ಕೆಳಗೆ ಹೊಸ ಕಟ್ಟಡ ಕಟ್ಟಿದರು. ಆ ಬೆಳಕಿನಲ್ಲಿ ಕೂತು ಎಷ್ಟೋ ಮಧ್ಯಾಹ್ನ ಡಬ್ಬಿ ಖಾಲಿ ಮಾಡಿದ್ದೇನೆ. ಈ ಸಲ ಅದರ ಕೆಳಗೆ ಇಬ್ಬರೇ ಇದ್ದರು. ಒಬ್ಬರು ಸೆಕ್ಯುರಿಟಿ.

ಪಕ್ಕದ ಭಾಗ 1988ರದ್ದು. ಅದರ ಹೆಮ್ಮೆ ಅಂದರೆ ಸುತ್ತು ಎಸ್ಕಲೇಟರ್. ನೆಟ್ಟಗೆ ಹೋಗುತ್ತಿರಲಿಲ್ಲ, ಬಳ್ಳಿಯ ಹಾಗೆ ಬಾಗಿಕೊಂಡು ಹತ್ತುತ್ತಿತ್ತು. ಮಿತ್ಸುಬಿಷಿ ಮಾಡಿದ್ದು. ಅದರ ತುದಿಯಲ್ಲಿ, ಮೇಲಿನ ಮಹಡಿಗಳಲ್ಲಿ, ನಾರ್ಡ್‌ಸ್ಟ್ರಾಮ್ ಅನ್ನುವ ದೊಡ್ಡ ಅಂಗಡಿ ಇತ್ತು. ಸಾಮಾನ್ಯವಾಗಿ ದೊಡ್ಡ ಅಂಗಡಿ ಕೆಳಗಿರಬೇಕು, ಜನ ಸುಲಭವಾಗಿ ಬರಲಿ ಅಂತ. ಇಲ್ಲಿ ಉಲ್ಟಾ. ಮೇಲಕ್ಕೆ ಹೋಗುವವರು ಕೆಳಗಿನ ಸಣ್ಣ ಅಂಗಡಿಗಳ ಎದುರು ಹಾದೇ ಹೋಗಬೇಕಿತ್ತು. ಎಂಥಾ ಉಪಾಯ ಅಲ್ವಾ?

ಅಮ್ಮ 2016ರಲ್ಲಿ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ಮೆಟ್ಟಿಲಿನ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತುಬಿಟ್ಟರು.

"ಏನೇ ಇದು, ತಿರುಗ್ತಾ ಹೋಗುತ್ತಲ್ಲ! ನೆಟ್ಟಗಿರೋದರ ಮೇಲೇ ನಂಗೆ ಕಾಲಿಡಕ್ಕಾಗಲ್ಲ."

"ಕೈ ಹಿಡ್ಕೋತೀನಿ, ಬಾಮ್ಮ."

"ನೀನು ಹೋಗಿ ಬಾ. ನಾನಿಲ್ಲೇ ಕೂತಿರ್ತೀನಿ."

ಕೂತರು. ಅರ್ಧ ಗಂಟೆ ಹೋಗಿ ಬರುವವರನ್ನು ನೋಡುತ್ತಾ ಕೂತಿದ್ದರು. ನಾನು ವಾಪಸ್ ಬಂದಾಗ ಅವರ ಕೈಯಲ್ಲಿ ಒಂದು ಹೊಸ ಛತ್ರಿ ಇತ್ತು. ಪಕ್ಕದ ಅಂಗಡಿಯಲ್ಲಿ ಸುಮ್ನೆ ಹೊಕ್ಕಿದ್ದರಂತೆ.

ಆ ಛತ್ರಿಯೇ ಈ ಮಾಲ್‌ನ ಲೆಕ್ಕ ಅಂತ ನನಗೀಗ ಅನಿಸುತ್ತದೆ. ನಾನು ಅಕೌಂಟ್ಸ್‌ನವಳು, ಅಂಕಿ ಕಂಡರೆ ಬಿಡುವುದಿಲ್ಲ. 2019ರಲ್ಲಿ ಈ ಮಾಲ್‌ಗೆ 97 ಲಕ್ಷ ಭೇಟಿಗಳು. 2022ರಲ್ಲಿ 56 ಲಕ್ಷ. ವ್ಯಾಪಾರ 45.5 ಕೋಟಿ ಡಾಲರ್‌ನಿಂದ 29.8 ಕೋಟಿಗೆ ಇಳಿಯಿತು. ಮಾಲೀಕರೇ ಹೇಳಿದ ಲೆಕ್ಕ ಇದು. ಇದರಲ್ಲಿ ನನ್ನ ಪಾಲೆಷ್ಟು ಅಂತ ನೋಡಿದೆ. 2019ರಲ್ಲಿ ವಾರಕ್ಕೆ ಐದು ದಿನ ಆಫೀಸು. ಮೂರು ದಿನವಾದರೂ ಮಾಲ್ ಒಳಗಿಂದ ಹಾದಿರುತ್ತೇನೆ. ವರ್ಷಕ್ಕೆ ಸುಮಾರು ನೂರೈವತ್ತು ಸಲ. 2022ರಲ್ಲಿ ನಾನು ಆಫೀಸಿಗೆ ಹೋದದ್ದೇ ಇಪ್ಪತ್ತು ದಿನ. ಅಂದರೆ ನಾನೊಬ್ಬಳೇ ನೂರಮೂವತ್ತು ಭೇಟಿ ಕಡಿಮೆ ಮಾಡಿದ್ದೇನೆ. ಹಳೆ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದರೆ 2019ರಲ್ಲಿ ಅಲ್ಲಿ ಕೊಂಡ ಒಂದನ್ನೂ ನಾನು ಪಟ್ಟಿ ಮಾಡಿಕೊಂಡು ಹೋಗಿ ಕೊಂಡದ್ದಲ್ಲ. ಕಾಲುಚೀಲ, ಲಿಪ್‌ಸ್ಟಿಕ್, ಯಾರದೋ ಮಗುವಿನ ಬರ್ತ್‌ಡೇ ಉಡುಗೊರೆ, ಒಂದು ಜೊತೆ ಬೂಟು (ಕಚ್ಚುತ್ತವೆ, ಇನ್ನೂ ಎಸೆದಿಲ್ಲ). ಎಲ್ಲ ಛತ್ರಿಯ ಜಾತಿಯವೇ.

ಆನ್‌ಲೈನ್ ಬಂದು ಮಾಲ್‌ಗಳನ್ನು ನುಂಗಿತು ಅನ್ನುವವರಿಗೆ ನಾನು ಸ್ಯಾನ್ ಹೋಸೆ ಕಡೆಯ ವ್ಯಾಲಿ ಫೇರ್ ತೋರಿಸುತ್ತೇನೆ. ಅದೂ ವೆಸ್ಟ್‌ಫೀಲ್ಡ್ ಮಾಲೇ. ಅಲ್ಲೂ ನಾರ್ಡ್‌ಸ್ಟ್ರಾಮ್, ಅಲ್ಲೂ ಬ್ಲೂಮಿಂಗ್‌ಡೇಲ್ಸ್. ಕಾರಿನಲ್ಲಿ ಒಂದು ಗಂಟೆ ದೂರ. ಶನಿವಾರ ಹೋದರೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ನಾಲ್ಕು ಸುತ್ತು ಹಾಕಬೇಕು. ಅಲ್ಲಿನ ಜನರ ಫೋನಿನಲ್ಲೂ ಅಮೆಜಾನ್ ಇದೆ. ಅವರು ಮನೆಯಿಂದ ಮಾಲ್‌ಗೆ ಅಂತಲೇ ಹೊರಡುವವರು. ನಮ್ಮದು ದಾರಿಯಲ್ಲಿ ಹೋಗುವವರ ಮಾಲ್. ದಾರಿಯಲ್ಲಿ ಹೋಗುವ ನಾವೇ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆವು. ಜೊತೆಗೆ ಪ್ರವಾಸಿಗಳೂ ಕಡಿಮೆಯಾದರು.

ಕಳ್ಳತನ, ಬೀದಿಯಲ್ಲಿ ಭಯ, ಇದೇ ಕಾರಣ ಅನ್ನುವವರೂ ಇದ್ದಾರೆ. ಸುಳ್ಳು ಅನ್ನುವುದಿಲ್ಲ. ಸಂಜೆ ಏಳರ ಮೇಲೆ ಆ ಫುಟ್‌ಪಾತಿನಲ್ಲಿ ನಾನೂ ಬೇಗ ಬೇಗ ನಡೆದಿದ್ದೇನೆ. ಆದರೆ ಜನ ತುಂಬಿದ್ದಾಗ ಅದೇ ಫುಟ್‌ಪಾತು ಹಾಗಿರಲಿಲ್ಲ. ಮೊದಲು ಖಾಲಿಯಾಯಿತು, ಆಮೇಲೆ ಹೆದರಿಕೆ ಬಂತು. ನನ್ನ ಮಟ್ಟಿಗೆ ಹೀಗೆ.

ಒಮ್ಮೆ ಬಿಚ್ಚಲು ಶುರುವಾದ ಮೇಲೆ ಹೊಲಿಗೆ ತಾನಾಗಿ ಬಿಚ್ಚುತ್ತಾ ಹೋಗುತ್ತದೆ. ದೊಡ್ಡ ಅಂಗಡಿಗಳಿಗೆ ಮಾಲ್‌ನವರು ಬಾಡಿಗೆ ಕಡಿಮೆ ಹಾಕುತ್ತಾರೆ. ಜನರನ್ನು ಎಳೆದು ತರುವುದು ಅವರೇ ಅಲ್ವಾ. ಮಾಲ್‌ನ ಖರ್ಚು ಗಿಟ್ಟುವುದು ಸಣ್ಣ ಅಂಗಡಿಯವರ ಬಾಡಿಗೆಯಲ್ಲಿ. ಆ ಸಣ್ಣವರ ಕರಾರಿನಲ್ಲಿ ಅನೇಕ ಸಲ ಒಂದು ಸಾಲು ಇರುತ್ತದೆ: ದೊಡ್ಡ ಅಂಗಡಿ ಮುಚ್ಚಿದರೆ ನಮ್ಮ ಬಾಡಿಗೆ ಇಳಿಸಬೇಕು, ಇಲ್ಲವೇ ನಾವೂ ಹೊರಡಬಹುದು. ಒಬ್ಬರು ಹೋದರೆ ಹತ್ತು ಜನ ಕರಾರುಪತ್ರ ತೆಗೆದು ಓದುತ್ತಾರೆ. 2023ರ ಮೇನಲ್ಲಿ ನಾರ್ಡ್‌ಸ್ಟ್ರಾಮ್ ಹೋಗುತ್ತೇನೆ ಅಂತು. ಜೂನ್‌ನಲ್ಲಿ ಥಿಯೇಟರ್ ಮುಚ್ಚಿತು. ಅದೇ ತಿಂಗಳು ಮಾಲ್‌ನ ಮಾಲೀಕರಾದ ವೆಸ್ಟ್‌ಫೀಲ್ಡ್ ಮತ್ತು ಬ್ರೂಕ್‌ಫೀಲ್ಡ್ 55.8 ಕೋಟಿ ಡಾಲರ್ ಸಾಲದ ಕಂತು ಕಟ್ಟುವುದಿಲ್ಲ, ಮಾಲ್ ನೀವೇ ತೆಗೆದುಕೊಳ್ಳಿ ಅಂತ ಸಾಲ ಕೊಟ್ಟವರಿಗೆ ಹೇಳಿಬಿಟ್ಟರು. ಆಗಸ್ಟಿನಲ್ಲಿ ನಾರ್ಡ್‌ಸ್ಟ್ರಾಮ್ ಬಾಗಿಲು ಹಾಕಿತು. ನಾವು ಮನೆ ಸಾಲದ ಒಂದು ಕಂತು ತಪ್ಪಿದರೆ ನಿದ್ದೆ ಬಿಡುತ್ತೇವೆ. ಇಂಥ ದೊಡ್ಡ ಸಾಲಗಳಲ್ಲಿ ಹೆಚ್ಚಾಗಿ ಅಡವಿಟ್ಟ ಕಟ್ಟಡ ಒಂದೇ ಹೊಣೆ. ಕೀಲಿಕೈ ಕೊಟ್ಟರೆ ಮುಗಿಯಿತು. 2016ರಲ್ಲಿ 120 ಕೋಟಿ ಡಾಲರ್ ಬೆಲೆ ಕಟ್ಟಿದ್ದ ಜಾಗ ಅದು! 2023ರಲ್ಲಿ ಅದನ್ನು 29 ಕೋಟಿಗೆ ಇಳಿಸಿದರು. ಆಮೇಲೆ ಕೋರ್ಟು ನೇಮಿಸಿದವರು ನೋಡಿಕೊಂಡರು, ಹೆಸರನ್ನು ಎಂಪೋರಿಯಂ ಅಂತ ಬದಲಾಯಿಸಿದರು. ಹೆಸರು ಬದಲಾದರೆ ಬಾರ್ಟ್ ಬಾಗಿಲಿನಿಂದ ಜನ ಬರುತ್ತಾರಾ?

ಪಕ್ಕದಲ್ಲೇ 2023ರಲ್ಲಿ ಐಕಿಯಾ ತೆರೆದಿದೆ. ಅಲ್ಲೂ ಅಂದೇ ಹೊಕ್ಕು ನೋಡಿದೆ. ಜನ ಇದ್ದರು, ತುಂಬಾ ಅಲ್ಲ, ಸಾಕಷ್ಟು. ಒಂದು ದಿಂಬಿನ ಕವರ್ ತಂದೆ. ಸುಮ್ನೆ.

ಸುತ್ತು ಎಸ್ಕಲೇಟರ್ ನೋಡದೆ ಬರಲು ಮನಸ್ಸಾಗಲಿಲ್ಲ. ಮೇಲೆ ಹೋಗುವ ಕಡೆ ಅಡ್ಡಕ್ಕೆ ತಡೆ ಇಟ್ಟಿದ್ದರು. ಮೆಟ್ಟಿಲುಗಳು ಬಾಗಿಕೊಂಡೇ, ಅಲುಗಾಡದೆ ನಿಂತಿದ್ದವು. ಕೆಳಗೆ ಅಮ್ಮ ಕೂತಿದ್ದ ಬೆಂಚು ಕಾಣಲಿಲ್ಲ. ಒಂದು ಫೋಟೋ ತೆಗೆದು ಅವರಿಗೆ ಕಳಿಸಿದೆ. ರಾತ್ರಿ ಫೋನ್ ಬಂತು.

"ಅದೇನೇ ಅಲ್ಲಿ ಯಾರೂ ಇಲ್ಲ?"

"ಮುಚ್ಚುತ್ತಿದ್ದಾರಮ್ಮ. ಎಸ್ಕಲೇಟರೂ ನಿಲ್ಲಿಸಿದ್ದಾರೆ."

"ನಿಲ್ಲಿಸಿದ್ದಾರಾ?" ಸ್ವಲ್ಪ ಹೊತ್ತು ಸುಮ್ಮನಾದರು. "ಅಯ್ಯೋ, ಅವತ್ತೇ ನಿಲ್ಲಿಸಿದ್ರೆ ನಾನೂ ಹತ್ತಿ ನೋಡ್ತಿದ್ದೆ."