ವಶೀಲಿ ಯಾರದ್ದು?

ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವ ನನಗೆ ಎರಡು ವರ್ಷಗಳ ಹಿಂದೆ ಮೊದಲ ಅನುದಾನ ಮಂಜೂರಾಯಿತು. ಅಂದಿನಿಂದ ಮಂಗಳೂರಿಗೂ ಉಡುಪಿಗೂ ನಡುವೆ ನಾನು ಹೋದ ಯಾವ ಮದುವೆಯಲ್ಲೂ, ಯಾವ ಗೃಹಪ್ರವೇಶದಲ್ಲೂ, ಕಾಲೇಜಿನ ಯಾವ ಮೊಗಸಾಲೆಯಲ್ಲೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಾಗಿಲ್ಲ. ಸಭ್ಯರು "ನಿಮಗೆ ಗ್ರಾಂಟ್ ಹೇಗೆ ಸಿಕ್ಕಿತು?" ಎನ್ನುತ್ತಾರೆ. ಉಳಿದವರು ಸುತ್ತಿ ಬಳಸದೆ "ವಶೀಲಿ ಯಾರದ್ದು?" ಎನ್ನುತ್ತಾರೆ. ಎರಡೂ ಒಂದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸಿ ನನ್ನ ಊಟ ಮುಂದುವರಿಸುತ್ತೇನೆ.

ಊಟವೆಂದದ್ದಕ್ಕೆ ಕಾರಣವಿದೆ. ಉಡುಪಿಯ ಒಂದು ಮದುವೆಯ ಪಂಕ್ತಿಯಲ್ಲಿ ದೂರದ ಸಂಬಂಧದ ಮಾವನೊಬ್ಬರು ನನ್ನ ಎದುರಿನ ಎಲೆಗೆ ಕುಳಿತಿದ್ದರು. ಸಾರು ಬಡಿಸುವ ಮೊದಲೇ ಶುರುವಾಯಿತು. "ಎಂತ ಮಾರಾಯ್ತಿ, ದೊಡ್ಡ ಗಂಟೇ ಸಿಕ್ಕಿತಂತಲ್ಲ! ದಿಲ್ಲಿಯಲ್ಲಿ ಯಾರುಂಟು ನಿನ್ನವರು?" ಯಾರೂ ಇಲ್ಲವೆಂದೆ. "ಹಾಗಾದರೆ ಸುಮ್ಮನೆ ಕೊಟ್ಟರಾ?" ಅರ್ಜಿ ಹಾಕಿದ್ದೆ, ಎರಡು ಸಲ ತಿರಸ್ಕಾರವಾಯಿತು, ಮೂರನೆಯದಕ್ಕೆ ಸಿಕ್ಕಿತು ಎಂದು ವಿವರಿಸಿದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ನನ್ನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಪಕ್ಕದವರ ಕಡೆ ತಿರುಗಿ "ಹೇಳುವುದಿಲ್ಲ ಅವಳು, ಜಾಣೆ" ಎಂದರು. ಕೊನೆಗೆ ಕೈ ತೊಳೆಯುವಲ್ಲಿ ಮತ್ತೆ ಸಿಕ್ಕಿ, ಕಾರು ತೆಗೆಯುವುದು ಯಾವಾಗ ಎಂದು ಕೇಳಿದರು.

ಕಾರಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಅನುದಾನವೆಂದರೆ ಬಹುಮಾನವಲ್ಲ, ಸಂಬಳವೂ ಅಲ್ಲ. ಹಣ ಸಂಸ್ಥೆಯ ಖಾತೆಗೆ ಕಂತಿನಲ್ಲಿ ಬರುತ್ತದೆ, ಮತ್ತು ಮುಂದಿನ ಕಂತು ಬರಬೇಕಾದರೆ ಹಿಂದಿನದರ ಬಳಕೆ ಪ್ರಮಾಣಪತ್ರ, ಅಂದರೆ ನಮ್ಮ ನಿದ್ದೆ ಕೆಡಿಸುವ 'ಯುಸಿ', ಸಹಿ ಮೊಹರುಗಳೊಂದಿಗೆ ಹೋಗಬೇಕು. ಒಬ್ಬ ಜೆಆರ್‌ಎಫ್‌ಗೆ, ಅಂದರೆ ಯೋಜನೆಯಲ್ಲಿ ದುಡಿಯುವ ಕಿರಿಯ ಸಂಶೋಧಕರಿಗೆ, 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000. ಮನೆ ಬಾಡಿಗೆ ಭತ್ಯೆ ಬಿಟ್ಟು ಮೂರು ವರ್ಷಕ್ಕೆ ಲೆಕ್ಕ ಹಾಕಿದರೂ 14 ಲಕ್ಷದ ಹತ್ತಿರ ಬರುತ್ತದೆ, ಮತ್ತು ಅದು ಒಬ್ಬರೇ ಒಬ್ಬರಿಗೆ. ಜೀವಕೋಶದೊಳಗಿನ ಒಂದು ಪ್ರೋಟೀನನ್ನು ಗುರುತಿಸಲು ಬೇಕಾದ ಪ್ರತಿಕಾಯದ ಒಂದು ಪುಟ್ಟ ಸೀಸೆ, ಕಣ್ಣಿಗೆ ಬಿಡುವ ಔಷಧಿಗಿಂತಲೂ ಕಡಿಮೆ ಇರುವಂಥದ್ದು, ಹತ್ತಾರು ಸಾವಿರ ರೂಪಾಯಿಗೆ ಹೊರದೇಶದಿಂದ ಐಸಿನಲ್ಲಿ ಬರುತ್ತದೆ. ಜೂನ್ ತಿಂಗಳ ಗಾಳಿಮಳೆಗೆ ಕರೆಂಟು ಹೋದಾಗ ಮೈನಸ್ 80 ಡಿಗ್ರಿಯ ಫ್ರೀಜರ್ ನೆನಪಾಗಿ ರಾತ್ರಿ ಎರಡು ಗಂಟೆಗೆ ಸ್ಕೂಟರ್ ತೆಗೆದು ಹೊರಟವಳು ನಾನು. ಮಾವನ ಲೆಕ್ಕದಲ್ಲಿ ಅದೇ ನನ್ನ ಕಾರು.

ಇನ್ನು ದಾರಿಗಳ ವಿಷಯ. ಕೇಳುವವರಲ್ಲಿ ನಿಜವಾಗಿ ಉತ್ತರ ಬೇಕಾದವರೆಂದರೆ ಈಗಷ್ಟೇ ಪಿಎಚ್‌ಡಿ ಮುಗಿಸಿದ ಹುಡುಗ ಹುಡುಗಿಯರು, ಮತ್ತು ಅವರಿಗೆ ನನ್ನ ಸಿಟ್ಟು ಸಲ್ಲದು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆ ಐದು ವರ್ಷ ಸಂಬಳವನ್ನೂ ವರ್ಷಕ್ಕೆ 7 ಲಕ್ಷ ಸಂಶೋಧನಾ ವೆಚ್ಚವನ್ನೂ ಕೊಡುತ್ತದೆ, ಆದರೆ ವಯಸ್ಸಿನ ಮಿತಿ ಬಿಗಿ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಮತ್ತು ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್ ವಯಸ್ಸು ಕೇಳುವುದಿಲ್ಲ, ಪಿಎಚ್‌ಡಿ ಆದ ಮೇಲಿನ ವರ್ಷಗಳನ್ನು ಎಣಿಸುತ್ತದೆ; ಅಲ್ಲಿನ ಸಂದರ್ಶನದ ಕೋಣೆಯಿಂದ ಬೆವರದೆ ಹೊರಬಂದವರನ್ನು ನಾನು ನೋಡಿಲ್ಲ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ನಿನ ಪ್ರಧಾನಮಂತ್ರಿ ಆರಂಭಿಕ ಸಂಶೋಧಕರ ಅನುದಾನ ಮೂರು ವರ್ಷಕ್ಕೆ 60 ಲಕ್ಷದವರೆಗೆ ಇದೆ, ಆದರೆ ಖಾಯಂ ಹುದ್ದೆ ಇದ್ದವರಿಗೆ. ಖಾಯಂ ಹುದ್ದೆ ಬೇಕಾದರೆ ಅನುದಾನ ತಂದ ಅನುಭವ ಇದೆಯೇ ಎಂದು ಕೇಳುತ್ತಾರೆ. ಅನುದಾನ ಬೇಕಾದರೆ ಪ್ರಾಥಮಿಕ ಫಲಿತಾಂಶ ತೋರಿಸಿ ಎನ್ನುತ್ತಾರೆ, ಆ ಫಲಿತಾಂಶಕ್ಕೆ ಅನುದಾನ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಕಟ್ಟಿದವರು ಖಂಡಿತವಾಗಿ ಎಲ್ಲೋ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧಕ, ಆಗಿದ್ದವರು. ನನಗೆ ಸಿಕ್ಕಿದ್ದು ಇವುಗಳಲ್ಲಿ ಯಾವುದು, ಅಥವಾ ಇವುಗಳ ಹೊರಗಿನದೇ ಎಂಬುದನ್ನು ಹೇಳುವುದಿಲ್ಲ. ಹೇಳಿದ ಮರುಕ್ಷಣ ಅಲ್ಲಿ ನನ್ನ ಪರಿಚಯದವರು ಯಾರೆಂದು ನೀವು ಹುಡುಕಲು ತೊಡಗುತ್ತೀರಿ.

ಹಾಗಾದರೆ ವಶೀಲಿ ಇರಲಿಲ್ಲವೇ? ಇತ್ತು. ಒಪ್ಪಿಕೊಂಡುಬಿಡುತ್ತೇನೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ನನ್ನ ಮೂರನೆಯ ಅರ್ಜಿಯ ಕರಡನ್ನು ಹನ್ನೊಂದು ಸಲ ಓದಿದರು. ಮೊದಲ ಸಲ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ "ಇಲ್ಲಿ ಪ್ರಶ್ನೆ ಎಲ್ಲಿದೆ?" ಎಂದಷ್ಟೇ ಬರೆದು ಹಿಂದಿರುಗಿಸಿದರು; ಆ ವಾರವಿಡೀ ನಾನು ಅವರ ಬಗ್ಗೆ ಏನೆಂದುಕೊಂಡೆನೆಂಬುದನ್ನು ಬರೆಯುವಂತಿಲ್ಲ. ಅವರು ಯಾರಿಗೂ ಫೋನು ಮಾಡಲಿಲ್ಲ, ಶಿಫಾರಸು ಮಾಡಲಿಲ್ಲ. ಆದರೆ ಗುಡ್ಡದ ಮೇಲಿನ ಸಣ್ಣ ಕಾಲೇಜಿನಲ್ಲಿ ವಾರಕ್ಕೆ ಹದಿನೆಂಟು ಗಂಟೆ ಪಾಠ ಮಾಡುತ್ತಾ, ಅರ್ಜಿಯ ಕರಡನ್ನು ತೋರಿಸಲು ಒಬ್ಬರೂ ಇಲ್ಲದ ನನ್ನ ಸಹಪಾಠಿಗೆ ಹೋಲಿಸಿದರೆ, ಆ ಕೆಂಪು ಶಾಯಿ ಮಂತ್ರಿಯ ಚೀಟಿಗಿಂತ ಕಡಿಮೆಯದೇನಲ್ಲ. ಅವಳು ನನಗಿಂತ ಚುರುಕು. ಈಗ ಕೋಚಿಂಗ್ ಸೆಂಟರೊಂದರಲ್ಲಿ ನೀಟ್‌ಗೆ ಜೀವಶಾಸ್ತ್ರ ಕಲಿಸುತ್ತಾಳೆ.

ಆದರೂ ನನ್ನ ಸಿಟ್ಟಿನ ಮೂಲ ವಶೀಲಿಯ ಮಾತಲ್ಲ. ಸಿಕ್ಕಿದ ಅರ್ಜಿ ಹೇಗೆ ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ಸಿಗದ ಅರ್ಜಿಯಲ್ಲಿ ಏನಿತ್ತು ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದೀರಿ ಎಂದುಕೊಂಡೇ ಹೇಳುತ್ತೇನೆ.

ಬಂಟ್ವಾಳದ ಕಡೆ ನಮ್ಮ ತಾಯಿಮನೆಯ ಪಕ್ಕದಲ್ಲಿ ಒಬ್ಬ ಅಕ್ಕ ಇದ್ದಾರೆ. ನಲವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆಗೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವ ಅವರ ಬೆರಳುಗಳನ್ನು ನೋಡುತ್ತಾ ನಾನು ಬೆಳೆದೆ. ಮಾತಾಡುತ್ತಾ, ಟಿವಿ ನೋಡುತ್ತಾ, ಕೈಯ ಕಡೆ ಕಣ್ಣೇ ಹಾಯಿಸದೆ ದಿನಕ್ಕೆ ಸಾವಿರ. ಮಜೂರಿಯ ಲೆಕ್ಕವೇ ಸಾವಿರಕ್ಕೆ. ಅವರಿಗೆ ಪಾರ್ಕಿನ್ಸನ್ ಇದೆಯೆಂದು ಮಂಗಳೂರಿನ ವೈದ್ಯರು ಹೇಳಿದ ಮೇಲೆ ನೋಡಲು ಹೋದೆ. ಕೈ ನಡುಗುತ್ತದೆಯೇ ಎಂದು ಕೇಳಿದೆ, ಎಲ್ಲರೂ ಕೇಳುವಂತೆ. "ಕೈ ನಡುಗುವುದಿಲ್ಲ ಮಗಾ, ಕೈ ಹೇಳಿದ್ದು ಕೇಳುವುದಿಲ್ಲ" ಎಂದು ತುಳುವಿನಲ್ಲಿ ಹೇಳಿದರು. ಚಲನೆ ನಿಧಾನವಾಗುವ ಈ ಲಕ್ಷಣಕ್ಕೆ ನಮ್ಮ ಪಠ್ಯಗಳಲ್ಲಿ ಉದ್ದದ ಗ್ರೀಕ್ ಹೆಸರಿದೆ, ಮತ್ತು ರೋಗ ಗುರುತಿಸಲು ಅದು ನಡುಕಕ್ಕಿಂತಲೂ ಮುಖ್ಯ. ಅನಂತರ ಅವರು ಕಪಾಟಿನಿಂದ ಬೀಡಿ ಕಂಪನಿಯ ಬ್ರಾಂಚಿನ ಪುಸ್ತಕಗಳನ್ನು ತೆಗೆದರು. ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ತಂದ ಬೀಡಿ, ತಿರಸ್ಕರಿಸಿದ ಬೀಡಿ, ಎಲ್ಲವೂ ತಾರೀಕು ಸಮೇತ. ವೈದ್ಯರು ಹೆಸರಿಡುವ ನಾಲ್ಕು ವರ್ಷ ಮೊದಲೇ ಸಾವಿರವು ಒಂಬೈನೂರಾಗಿ, ಎಂಟುನೂರಾಗಿ ಇಳಿಯತೊಡಗಿತ್ತು, ತಿರಸ್ಕೃತ ಬೀಡಿಗಳ ಕಲಮು ತುಂಬತೊಡಗಿತ್ತು.

ಇದರ ಮಹತ್ವ ತಿಳಿಯಬೇಕಾದರೆ ಕಾಯಿಲೆಯ ಒಂದು ಕ್ರೂರ ಲೆಕ್ಕ ತಿಳಿದಿರಬೇಕು. ಮಿದುಳಿನ ನಡುಭಾಗದಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ರೋಗಿ ವೈದ್ಯರ ಎದುರು ಕುಳಿತುಕೊಳ್ಳುವ ಹೊತ್ತಿಗೆ ಅವುಗಳ ಬಹುದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಇಂದು ಕೊಡುವ ಲೆವೊಡೋಪಾ ಮಾತ್ರೆ ಕೊರತೆಯನ್ನು ತುಂಬುತ್ತದೆಯೇ ಹೊರತು ಜೀವಕೋಶಗಳ ಸಾವನ್ನು ನಿಲ್ಲಿಸುತ್ತದೆಂದು ಸಾಬೀತಾಗಿಲ್ಲ. ಆದ್ದರಿಂದ ಪ್ರಪಂಚದಾದ್ಯಂತ ಹುಡುಕಾಟ ನಡೆದಿರುವುದು ಅದಕ್ಕೂ ಮುಂಚಿನ ವರ್ಷಗಳ ಸುಳಿವಿಗಾಗಿ: ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬೀಸುವುದು. ಶ್ರೀಮಂತ ದೇಶಗಳು ಇದಕ್ಕಾಗಿ ಮಣಿಕಟ್ಟಿಗೆ ಸಂವೇದಕ ಕಟ್ಟುತ್ತವೆ. ನಮ್ಮಲ್ಲಿ ಸಾವಿರಾರು ಹೆಂಗಸರ ಬೆರಳಿನ ವೇಗವನ್ನು ದಶಕಗಳ ಕಾಲ, ಅಷ್ಟೇನೂ ಉದಾತ್ತವಲ್ಲದ ಕಾರಣಕ್ಕಾಗಿ, ಯಾರೋ ಗುಮಾಸ್ತರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಆ ಪುಸ್ತಕಗಳಲ್ಲಿ ರೋಗದ ಮುಂಚಿನ ಸುಳಿವು ಹುಡುಕುವುದೇ ನನ್ನ ಮೊದಲ ಅರ್ಜಿ. ಮೂವರು ಪರಿಶೀಲಕರಲ್ಲಿ ಒಬ್ಬರು ಅರ್ಜಿದಾರಳಿಗೆ ಈ ಕ್ಷೇತ್ರದಲ್ಲಿ ಅನುಭವವಿಲ್ಲ ಎಂದರು. ನಾನು ಪ್ರಯೋಗಾಲಯದ ಜೀವರಸಾಯನ ಕಲಿತವಳು, ಮಾತು ನಿಜ. ಇನ್ನೊಬ್ಬರು, ಒಂದು ಜಿಲ್ಲೆಯ ಒಂದು ಕಸುಬಿನವರಿಂದ ವಿಶಾಲವಾದದ್ದೇನು ತಿಳಿದೀತು ಎಂದರು. ಇದಕ್ಕೆ ಉತ್ತರ ಅರ್ಜಿ ಬಿದ್ದುಹೋದ ಮೇಲೆ ಬಂದಿತು: 2023ರಲ್ಲಿ ನೈಜೀರಿಯಾದ ರೋಗಿಗಳೂ ಸೇರಿದ ಅಧ್ಯಯನವೊಂದು ಜಿಬಿಎ1 ಎಂಬ ವಂಶವಾಹಿಯಲ್ಲಿ ಆಫ್ರಿಕನ್ ಮೂಲದವರಿಗೆ ಪಾರ್ಕಿನ್ಸನ್ ಬರುವ ಅಪಾಯವನ್ನು ಹೆಚ್ಚಿಸುವ ಒಂದು ವ್ಯತ್ಯಾಸವನ್ನು ಕಂಡುಹಿಡಿಯಿತು, ಯುರೋಪಿನವರನ್ನೇ ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದವರ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಮೂರನೆಯ ಪರಿಶೀಲಕರು ಮಾತ್ರ ನನ್ನನ್ನು ನಿಜವಾಗಿ ಸೋಲಿಸಿದರು. ಬೀಡಿಯ ಲೆಕ್ಕ ಇಳಿಯುವುದು ಕಂಪನಿ ಎಲೆ ಕಡಿಮೆ ಕೊಟ್ಟಾಗಲೂ ಹೌದು, ಕಣ್ಣಿಗೆ ಪೊರೆ ಬಂದಾಗಲೂ ಹೌದು, ಗಂಟುನೋವಿನಲ್ಲೂ ಹೌದು, ಮಗಳ ಬಾಣಂತನದಲ್ಲೂ ಹೌದು. ಇವುಗಳಿಂದ ಪಾರ್ಕಿನ್ಸನ್ನನ್ನು ಹೇಗೆ ಬೇರ್ಪಡಿಸುತ್ತೀರಿ ಎಂದು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಕರಾವಳಿಯವರೇ ಇರಬೇಕೆಂದು ನನಗೆ ಈಗಲೂ ಗುಮಾನಿ.

ಆ ಅರ್ಜಿಯ 'ಪ್ರಯೋಜನವೇನು' ಎಂಬ ಕಲಮಿನಲ್ಲಿ ನಾನು ನಸುಗುನ್ನಿಯ ಕತೆ ಬರೆದಿದ್ದೆ. ಮೈಗೆ ತಗುಲಿದರೆ ತುರಿಕೆ ಎಬ್ಬಿಸುವ ಆ ಬಳ್ಳಿಯ ಬೀಜದಿಂದ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಲೆವೊಡೋಪಾವನ್ನು ಬೇರ್ಪಡಿಸಿ ಪ್ರಕಟಿಸಿದ್ದು 1937ರಲ್ಲಿ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕೊರತೆಯಿದೆಯೆಂದು ಹೊರ್ನಿಕಿಯೆವಿಚ್ ತೋರಿಸಿದ್ದು 1960ರಲ್ಲಿ, ಅದೇ ಲೆವೊಡೋಪಾ ಸೇರಿದ ಡೋಪಾ ಮಿಶ್ರಣವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಕೊಟ್ಜಿಯಾಸ್ ರೋಗಿಗಳನ್ನು ನಡೆಸಿದ್ದು 1967ರಲ್ಲಿ. ಮೂವತ್ತು ವರ್ಷ. 1937ರಲ್ಲಿ ಆ ಇಬ್ಬರಿಗೆ ಪ್ರಯೋಜನದ ಕಲಮು ತುಂಬಲು ಕೊಟ್ಟಿದ್ದರೆ ಏನು ಬರೆಯುತ್ತಿದ್ದರೋ! ಪರಿಶೀಲಕರು ಈ ಭಾಗದ ಬಗ್ಗೆ ಏನೂ ಹೇಳಲಿಲ್ಲ. ಓದಿರಲಾರರು.

ಮೂರನೆಯ ಅರ್ಜಿಯಲ್ಲಿ ಬೀಡಿಯ ಮಾತೇ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಜೀವಕೋಶದೊಳಗೆ ಗಂಟುಗಟ್ಟುವುದನ್ನು ಒಂದು ನಿರ್ದಿಷ್ಟ ಸ್ಥಿತಿಯಲ್ಲಿ ಅಳೆಯುವ, ಅಚ್ಚುಕಟ್ಟಾದ, ಅರ್ಧ ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ ಅದು. ಕೆಲಸ ಕೆಟ್ಟದ್ದಲ್ಲ, ಮನಸ್ಸಿಟ್ಟು ಮಾಡುತ್ತಿದ್ದೇನೆ. ಆದರೆ ಗ್ರಾಂಟ್ ಹೇಗೆ ಸಿಕ್ಕಿತು ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಇಷ್ಟೇ: ಸೋಲಬಹುದಾದ ಪ್ರಶ್ನೆಯನ್ನು ಬಿಟ್ಟು ಸೋಲಲಾರದ ಪ್ರಶ್ನೆ ಕೇಳಿದೆ, ಸಿಕ್ಕಿತು. ಇದನ್ನು ಪಂಕ್ತಿಯಲ್ಲಿ ಕುಳಿತು ಮಾವನಿಗೆ ಹೇಳಲು ಆಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ಫೋನು ಮಾಡಿ, ನಾನು ಒಯ್ದಿದ್ದ ಬ್ರಾಂಚಿನ ಪುಸ್ತಕಗಳು ಪಿಎಫ್ ಕೆಲಸಕ್ಕೆ ಬೇಕಾಗಿವೆ, ಹಿಂದೆ ಕೊಡಬೇಕು ಎಂದಳು. ಕೊಡುವ ಮೊದಲು ಪುಟಕ್ಕೆ ಎರಡು ರೂಪಾಯಿಯಂತೆ 107 ಪುಟ ಜೆರಾಕ್ಸ್ ಮಾಡಿಸಿದೆ. 214 ರೂಪಾಯಿಯ ಆ ಬಿಲ್ಲನ್ನು ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಒಯ್ದಾಗ, ಮಂಜೂರಾದ ಯಾವ ಖರ್ಚಿನ ಹೆಡ್ಡಿನಲ್ಲೂ ಇದು ಬರುವುದಿಲ್ಲ ಮೇಡಂ ಎಂದು ಹಿಂದಿರುಗಿಸಿದರು. ಬಿಲ್ಲು ಆ ಪ್ರತಿಗಳ ಜೊತೆಗೇ ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ.