ವಿಲಿಯಮ್ಸ್‌ಬರ್ಗ್‌ಗೆ ಹೋದರೆ ಕುಲುಮೆ ಮುಂದೆ ಅರ್ಧ ಗಂಟೆ ನಿಲ್ಲಿ
ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ನಮ್ಮ ಚಿಕ್ಕಬಳ್ಳಾಪುರದಲ್ಲೂ ಈಗ ಜಾಸ್ತಿ. ನಿಮ್ಮ ಮಗಳೋ ಮಗನೋ ವಾಷಿಂಗ್ಟನ್ ಕಡೆ ಇದ್ದರೆ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ನೋಡದೆ ಬರಬೇಡಿ. ಸುಮಾರು 240 ಕಿ.ಮೀ. ದಾರಿ. ಶುಕ್ರವಾರ ಸಂಜೆ ಮಾತ್ರ ಹೊರಡಬೇಡಿ, ಟ್ರಾಫಿಕ್‌ನಲ್ಲೇ ಸುಸ್ತಾಗುತ್ತೀರಿ.

1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ ಆಗಿದ್ದ ಊರು ಇದು. ಅಮೆರಿಕದ ದೊಡ್ಡ ಶ್ರೀಮಂತ ರಾಕ್‌ಫೆಲರ್ ದುಡ್ಡು ಕೊಟ್ಟ ಮೇಲೆ 1926ರಿಂದ ಹಳೇ ಮನೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದ್ದಾರೆ. ರಾಜಧಾನಿಯಾಗಿದ್ದ ಕಾಲದ ಬಟ್ಟೆ ತೊಟ್ಟವರು ಬೀದಿ ತುಂಬ ಓಡಾಡುತ್ತಾರೆ. ಬೀದಿಯಲ್ಲಿ ಸುಮ್ನೆ ನಡೆಯಲು ದುಡ್ಡಿಲ್ಲ, ಮನೆ, ಕೆಲಸದ ಅಂಗಡಿಗಳ ಒಳಗೆ ಹೋಗಲು ಟಿಕೆಟ್ ಬೇಕು. ತಗೊಳ್ಳಿ.

ಎಲ್ಲಾ ನೋಡಿಬಿಡೋಣ ಅಂತ ಓಡಬೇಡಿ. ನಾವು ಕುಲುಮೆಯಲ್ಲೇ ಅರ್ಧ ಗಂಟೆ ನಿಂತೆವು. ತಿದಿ ಎಳೆದರೆ ಇದ್ದಿಲು ಕೆಂಪಗಾಗುತ್ತದೆ, ಕಾದ ಸರಳಿನ ತುದಿಯನ್ನು ಬಡಿದು ಚೂಪು ಮಾಡುತ್ತಾರೆ. ನಂದಿ ಪಕ್ಕದ ಹಳ್ಳಿಯಲ್ಲಿ ಬೆಳೆದ ನಮ್ಮ ಯಜಮಾನರು "ಮೊಳೆಗೆ ತಲೆ ಹೇಗೆ ಬರುತ್ತೆ ಕೇಳಮ್ಮ" ಅಂದರು. ಮಗಳು ಕೇಳಿದಳು. ಕಮ್ಮಾರರು ಸರಳನ್ನು ತೂತಿನ ಕಬ್ಬಿಣಕ್ಕೆ ಇಳಿಸಿ ನಾಲ್ಕೇಟು ಹಾಕಿದರು, ತಲೆ ಅರಳಿತು! ಇವರೆಲ್ಲ ವರ್ಷಗಟ್ಟಲೆ ಕಲಿತ ನಿಜವಾದ ಕಸುಬುದಾರರು, ಏನು ಬೇಕಾದರೂ ಕೇಳಬಹುದು. ಆದರೆ ಮುಂದೆ ಅಮೆರಿಕದ ಅಧ್ಯಕ್ಷರಾದ ಜೆಫರ್ಸನ್ ಥರದವರ ವೇಷದಲ್ಲಿ ಇರುವವರು ಅದೇ ಕಾಲದವರಾಗಿ ಮಾತಾಡುತ್ತಾರೆ, ಅವರ ಹತ್ತಿರ ಆ ಕಾಲದ್ದನ್ನೇ ಕೇಳಿದರೆ ಮಾತು ಚೆನ್ನಾಗಿ ಬೆಳೆಯುತ್ತದೆ.

ಒಂದು ಮಾತು ಮರೆಯಬೇಡಿ. ಆಗ ಈ ಊರಿನ ಅರ್ಧಕ್ಕರ್ಧ ಜನ ಆಫ್ರಿಕಾ ಮೂಲದ ಗುಲಾಮರು. ಅವರ ಬದುಕನ್ನು ಹೇಳುವ ಕಾರ್ಯಕ್ರಮಗಳಿವೆ. ಕೂತು ಕೇಳಿ. ಚಂದದ ಮನೆಗಳನ್ನು ನೋಡಿ, ಅಲ್ಲಿ ಅಡುಗೆ ಮಾಡಿದವರ ಕಥೆ ಕೇಳದೆ ಬಂದರೆ ಹೇಗೆ, ಅಲ್ವಾ?

ಚಪ್ಪಲಿ ಬೇಡ, ಶೂ ಹಾಕಿ. ನನ್ನ ಕಾಲು ಎರಡು ದಿನ ನೋಯುತ್ತಿತ್ತು. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಜುಲೈನಲ್ಲಿ ಸೆಕೆ ಜಾಸ್ತಿ, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು.

ಎರಡನೇ ದಿನ ಯಾರ್ಕ್‌ಟೌನ್‌ಗೆ ಹೋಗಿ, ಇಪ್ಪತ್ತು ಕಿ.ಮೀ. ಅಷ್ಟೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಶರಣಾದದ್ದು ಅಲ್ಲೇ. ಹತ್ತು ವರ್ಷ ಆದಮೇಲೆ, 1791ರ ಅಕ್ಟೋಬರ್‌ನಲ್ಲಿ, ಟಿಪ್ಪುವಿನಿಂದ ನಮ್ಮ ನಂದಿ ಕೋಟೆ ಕಿತ್ತುಕೊಂಡದ್ದು ಅದೇ ಕಾರ್ನ್‌ವಾಲಿಸ್‌ನ ದಂಡು. ಆ ಬಯಲಲ್ಲಿ ನಿಂತು ಇದನ್ನು ಹೇಳಿದಾಗ ಮೊಮ್ಮಗ "ನಮ್ಮ ನಂದಿಬೆಟ್ಟಾನಾ ಅಜ್ಜಿ?" ಅಂತ ಮೂರು ಸಲ ಕೇಳಿದ. ಅಲ್ಲಿ ನೆರಳು ಕಡಿಮೆ, ಟೋಪಿ, ನೀರು ಇಟ್ಟುಕೊಳ್ಳಿ.