ಮದುಮಗಳ ಹಿಂದಿನ ಮನೆ

ನಮ್ಮ ಕಡೆ ಮನೆಯದ್ದೇ ಒಂದು ಫೋಟೋ ಇರಲಿ ಅಂತ ಯಾರೂ ತೆಗೆಸಿದವರಲ್ಲ. ಉಡುಪಿ ಬಳಿಯ ಕಾಪುವಿನ ದೊಡ್ಡಮ್ಮನ ತಗಡಿನ ಪೆಟ್ಟಿಗೆ ಬಿಚ್ಚಿದಾಗ ಮೊದಲು ಗೊತ್ತಾಗಿದ್ದೇ ಇದು. ಮದುವೆ, ನಾಮಕರಣ, ಬೊಂಬಾಯಿಯಿಂದ ರಜೆಗೆ ಬಂದು ಪ್ಯಾಂಟು ಹಾಕಿ ನಿಂತ ಮಾವಂದಿರು, ಹೊಸ ಸೈಕಲ್ಲು. ಇವರೆಲ್ಲರ ಬೆನ್ನ ಹಿಂದೆ ಅರ್ಧ ಬಾಗಿಲು, ಒಂದು ಕಂಬ, ಮಾಡಿನ, ಅಂದರೆ ಸೂರಿನ, ಒಂದು ತುದಿ. ಅಷ್ಟೇ. ಹಳೆ ಮನೆಗಳ ಫೋಟೋ ಸೇರಿಸೋಣ ಅಂತ ಹೋದವಳಿಗೆ ಮನೆಗಳ ಚೂರು ಸಿಕ್ಕಿತು.

ಹೋಗಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಕಡಲ ಬದಿಯ ಹಂಚಿನ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಹೆದ್ದಾರಿ ಅಗಲ ಮಾಡುವಾಗ ಕೆಲವು ಮನೆಗಳ ಜಗಲಿ ಹೋಯಿತು, ಇನ್ನು ಕೆಲವನ್ನು ಮಕ್ಕಳೇ ಇಳಿಸಿ ಟೆರೇಸ್ ಮಾಡಿದರು. ಅದರಲ್ಲಿ ತಪ್ಪಿಲ್ಲ ಬಿಡಿ, ಹಂಚಿನ ಮಾಡನ್ನು ವರ್ಷ ವರ್ಷ ಕೈಯಾಡಿಸುವ ಕಷ್ಟ ಅದರ ಕೆಳಗೆ ಮಲಗಿದವರಿಗೇ ಗೊತ್ತು. ಹೋಗುವುದಕ್ಕಿಂತ ಮೊದಲು ಒಂದು ಪ್ರತಿಯಾದರೂ ಇರಲಿ ಅಂತ ನಾನು, ತಂಗಿಯ ಮಗ, ಅವನ ಸ್ಕ್ಯಾನರು, ಬೆಳಿಗ್ಗೆಯೇ ಹೋಗಿ ಕೂತೆವು.

ದೊಡ್ಡಮ್ಮ ಫೋಟೋ ನೋಡುವ ರೀತಿಯೇ ಬೇರೆ. ನಾವು ಮುಖ ನೋಡುತ್ತೇವೆ, ಅವರು ಮಾಡು ನೋಡುತ್ತಾರೆ. ಒಂದು ಮದುವೆ ಫೋಟೋ, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದು, ಅಂಗೈಗಿಂತ ಚಿಕ್ಕದು. ಮದುಮಗಳು ಯಾರು ಅಂತ ನಾನು ಕೇಳಿದರೆ ಅವರು ಭೂತಗನ್ನಡಿ ಹಿಡಿದು ಮೂಲೆಯಲ್ಲಿ ಏನೋ ಹುಡುಕುತ್ತಿದ್ದರು. "ನೋಡು ಮಾರಾಯ್ತಿ, ಇಲ್ಲಿ ಇನ್ನೂ ಮುಳಿಹುಲ್ಲಿನ ಮಾಡು. ಹಂಚು ಹಾಕಿದ್ದು ನಾನು ಬಂದ ಮೇಲೆ. ಹಾಗಾದರೆ ಇದು ನಿನ್ನ ದೊಡ್ಡಪ್ಪನ ಅಕ್ಕನ ಮದುವೆ." ಇನ್ನೊಂದರಲ್ಲಿ ಗೋಡೆ ಮೇಲೆ ಕರೆಂಟಿನ ವಯರು ಕಂಡಿತು, ಅದು ಕಿರಿಯವಳ ಮದುವೆ ಆಯಿತು. ಮುಖ ಎಲ್ಲಾ ಮಾಸಿ ಬೆಳ್ಳಗಾದ ಫೋಟೋಕ್ಕೂ ಹೀಗೆ ಹೆಸರು ಸಿಕ್ಕಿತು.

ಹಂಚಿನ ಮಾತು ಬಂದಾಗ ಹುಡುಗ ಹಿತ್ತಲಿಗೆ ಹೋಗಿ, ಇಳಿಸಿ ಪೇರಿಸಿಟ್ಟ ರಾಶಿಯಿಂದ ಒಂದನ್ನು ಎತ್ತಿಕೊಂಡು ಬಂದ. ಹಿಂಬದಿಯ ಪಾಚಿ ಉಜ್ಜಿದರೆ ಬಾಸೆಲ್ ಮಿಷನ್ ಹೆಸರು, ಕೆಳಗೆ 1865. "ಮನೆ ಅಷ್ಟು ಹಳೇದಾ!" ಅಂತ ಅವನ ಕಣ್ಣು ಅರಳಿತು. ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮಂಗಳೂರಿಗೆ ಬಂದ ಈ ಕ್ರೈಸ್ತ ಮಿಷನ್‌ನವರು ಅಲ್ಲಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಹಂಚು ಯಾವಾಗ ಸುಟ್ಟಿದ್ದಾದರೂ ಅದನ್ನೇ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಅವರ ಕೈತಪ್ಪಿದವು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಹೋದವು. ಮಂಗಳೂರಿನದೇ ಇನ್ನೊಂದು ಕಾರ್ಖಾನೆ ಅಲ್ಬುಕರ್ಕ್‌ನ ಹಂಚಿನ ಮೇಲಿನ 1868 ಕೂಡ ಇಂಥದ್ದೇ. ಮನೆ ಮಾರುವವರು ಈಗಲೂ ಈ ಇಸವಿ ತೋರಿಸಿ ರೇಟು ಏರಿಸುವುದುಂಟು. ಫೋಟೋಕ್ಕೆ ತಾರೀಕು ಹಾಕಲು ಹಂಚಿಗಿಂತ ದೊಡ್ಡಮ್ಮನೇ ವಾಸಿ.

ಇನ್ನೊಂದು ವಿಷಯ ನನಗೆ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಪೆಟ್ಟಿಗೆ ಪೂರ್ತಿ ಹುಡುಕಿದರೂ ಒಂದೇ ಒಂದು ಮಳೆಗಾಲದ ಫೋಟೋ ಇಲ್ಲ! ಮದುವೆಗಳೆಲ್ಲ ಬೇಸಿಗೆಯಲ್ಲಿ, ಕ್ಯಾಮೆರಾದವನು ಮಳೆಗೆ ಬರುವವನಲ್ಲ, ಮನೆಯೊಳಗೆ ತೆಗೆಯಲು ಬೆಳಕಿಲ್ಲ. ಹಾಗಾಗಿ ನಮ್ಮ ಹಳೆ ಮನೆಗಳು ಫೋಟೋದಲ್ಲಿ ಯಾವಾಗಲೂ ಒಣಗಿದ ಅಂಗಳ, ತೆರೆದ ಜಗಲಿ, ಸೆಗಣಿ ಸಾರಿಸಿದ ನೆಲ. ನಿಜವಾಗಿ ವರ್ಷದ ನಾಲ್ಕು ತಿಂಗಳು ಮನೆ ಹಾಗಿರುತ್ತಲೇ ಇರಲಿಲ್ಲ. ಜೂನ್‌ಗೆ ಮೊದಲೇ ಜಗಲಿಯ ಸುತ್ತ ಹೆಣೆದ ತೆಂಗಿನ ಮಡಲು ಕಟ್ಟುತ್ತಿದ್ದರು, ಎರಚಲು ಮಣ್ಣಿನ ಗೋಡೆಗೆ ಹೊಡೆಯಬಾರದಲ್ಲ. ಒಳಗೆ ಹಗಲೇ ಕತ್ತಲೆ, ಬಚ್ಚಲ ಒಲೆಯ ಮೇಲೆ ಬಟ್ಟೆ, ಹೊಗೆ ವಾಸನೆಯ ಲಂಗ ಹಾಕಿ ಶಾಲೆಗೆ ಹೋಗುವುದು. ನಮ್ಮ ಅಮ್ಮಂದಿರು ಹೇಳುವ ಮನೆ ಈ ಕತ್ತಲೆಯ ಮನೆ. ಅದರ ಚಿತ್ರ ಎಲ್ಲಿಯೂ ಇಲ್ಲ. ಇದಕ್ಕೆ ನನಗೆ ಆದ ಬೇಸರ ಒಡೆದ ಮನೆಗಳಿಗೂ ಆಗಿರಲಿಲ್ಲ.

ಫೋಟೋ ಇದ್ದವರ ಮನೆಯ ಕಥೆ ಇದು. ಕಡಲ ಕರೆಯ, ಅಂದರೆ ದಡದ, ಮಡಲಿನ ಗುಡಿಸಲುಗಳಿಗೆ ಸ್ಟುಡಿಯೋದವನು ಯಾಕೆ ಹೋಗುತ್ತಾನೆ? ಬಾಸೆಲ್‌ನ ಸಂಗ್ರಹಾಲಯದವರು ಇಂಟರ್ನೆಟ್ಟಿಗೆ ಹಾಕಿದ ಹಳೆ ಫೋಟೋಗಳನ್ನು ಹುಡುಗ ಮೊಬೈಲಿನಲ್ಲಿ ತೋರಿಸಿದ. ನಾವು ನೋಡಿದಷ್ಟರಲ್ಲಿ ಶಾಲೆ, ಕಾರ್ಖಾನೆ, ಮಿಷನ್ ಬಂಗಲೆಗಳೇ ಜಾಸ್ತಿ. ನಮ್ಮ ಪೆಟ್ಟಿಗೆಯಲ್ಲಿ ಕಡಲ ಕರೆಯದ್ದು ಅಂತ ಇದ್ದದ್ದು ಒಂದೇ, ರಂಪಣಿ ಅನ್ನುವ ದೊಡ್ಡ ಮೀನು ಬಲೆಯನ್ನು ದಡಕ್ಕೆ ಎಳೆಯುವ ಫೋಟೋ. ಎರಡು ಸಾಲು ಜನ ಹಗ್ಗ ಹಿಡಿದು ಹಿಂದಕ್ಕೆ ಬಾಗಿದ್ದಾರೆ, ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಕಾಯುತ್ತಿದ್ದಾರೆ. 1970ರ ದಶಕದಲ್ಲಿ ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಯಂತ್ರದ ಪರ್ಸಿನ್ ಬೋಟು ಬಂದ ಮೇಲೆ ಆ ದೊಡ್ಡ ರಂಪಣಿಗಳು ಮೂಲೆ ಸೇರಿದವು, ಈಗ ಕಾಣಸಿಗುವುದು ಅದರ ಚಿಕ್ಕ ರೂಪ, ಕೈರಂಪಣಿ. ಆ ಫೋಟೋದ ಹಿನ್ನೆಲೆಯಲ್ಲಿ ಬಂಡೆ, ಅದರ ಮೇಲೆ ಕಾಪುವಿನ 1901ರ ದೀಪಸ್ತಂಭ. ದೀಪಸ್ತಂಭ ಇದ್ದದ್ದರಿಂದಲೇ ಜಾಗ ಗುರುತು ಸಿಕ್ಕಿತು. ಇಲ್ಲದಿದ್ದರೆ ಬರೀ ಮರಳು, ತೆಂಗು, ಯಾವ ಊರು ಅಂತಲೂ ಹೇಳಬಹುದಿತ್ತು.

ಕೆಲವು ಫೋಟೋ ಕೈಗೆ ಬರಲೇ ಇಲ್ಲ. ನಮ್ಮ ಉಪ್ಪುಗಾಳಿಗೆ, ತೇವಕ್ಕೆ ಫ್ರೇಮಿನ ಗಾಜಿಗೇ ಅಂಟಿಕೊಂಡಿವೆ. ಕಿತ್ತರೆ ಮುಖ ಗಾಜಿನಲ್ಲಿ ಉಳಿಯುತ್ತದೆ, ಹಾಗಾಗಿ ಗಾಜಿನ ಮೇಲಿಂದಲೇ, ಕಿಟಕಿಯ ಓರೆ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದೆವು. ಉಳಿದವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದ್ದಾಯಿತು. ಹಿಂಬದಿಯಲ್ಲಿ ಮೆತ್ತಗೆ ಪೆನ್ಸಿಲಿನಲ್ಲಿ ಹೆಸರು, ಮನೆ ಬರೆದೆವು. ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಬೀಳುತ್ತದೆ.

ಸಂಜೆ ಪಕ್ಕದ ಮನೆಯ ಅಜ್ಜ ಬಂದು ಕೂತರು. ಬಾವಿಕಟ್ಟೆಯ ಎದುರು ಮಕ್ಕಳು ನಿಂತ ಫೋಟೋ ನೋಡಿ, ಇದು ನಮ್ಮ ಬಾವಿ ಅಂದರು. ದೊಡ್ಡಮ್ಮ ಬಿಡುತ್ತಾರಾ? "ನಿಮ್ಮ ಬಾವಿಗೆ ಆಗ ಕಟ್ಟೆ ಎಲ್ಲಿತ್ತು ಅಣ್ಣಾ, ಅಡಿಕೆ ಮರದ ಕಾಂಡ ಹಾಕಿದ್ದರಲ್ವಾ?" ಅಜ್ಜ ತನ್ನಪ್ಪ ಮುರಕಲ್ಲು ತಂದ ಗಾಡಿಯ ಕಥೆ ತೆಗೆದರು, ಇವರು ರಾಟೆ ಯಾವ ಬದಿಗಿತ್ತು ಅಂತ ಹಿಡಿದರು. ಎರಡು ಸಲ ಚಹಾ ಆಯಿತು, ತೀರ್ಮಾನ ಆಗಲಿಲ್ಲ. ಹುಡುಗ ಎರಡೂ ಮನೆಯ ಹೆಸರು ಬರೆದು ನಡುವೆ ಒಂದು ಪ್ರಶ್ನೆ ಚಿಹ್ನೆ ಹಾಕಿದ, ಅದಕ್ಕೂ ಇಬ್ಬರೂ ಒಪ್ಪಲಿಲ್ಲ.